ಅಳುವ ಲಿಬುಶೆ

ತಿಂಗಳಿಡೀ ಹಾಕುವ ಒಂದು ಜೊತೆ ಕಾಂಟ್ಯಾಕ್ಟ್ ಲೆನ್ಸಿಗೆ ಮುನ್ನೂರು ಕೊರುನಾ. ದಿನಕ್ಕೊಂದು ಹೊಸ ಜೊತೆ ಬೇಕೆಂದರೆ ಒಂದು ಜೊತೆಗೆ ನಲವತ್ತೈದು, ಸಂಜೆ ತೆಗೆದು ಕಸದ ಬುಟ್ಟಿಗೆ. ಕಣ್ಣಿಗೆ ಬಿಡುವ ಹನಿ ಬೇರೆ, ಇನ್ನೂರ ಇಪ್ಪತ್ತು. ಸತ್ತವರೊಬ್ಬರ ಬಗ್ಗೆ ಹತ್ತು ನಿಮಿಷ ಮಾತಾಡಿದರೆ ಲಿಬುಶೆಗೆ ಸಿಗುತ್ತಿದ್ದದ್ದು ಸಾವಿರದ ಇನ್ನೂರು.

"ದಿನಾ ಬೆಳಿಗ್ಗೆ ದುಡ್ಡು ಕಣ್ಣಿಗೆ ಹಾಕ್ಕೊಂಡು ಸಂಜೆ ಬಿಸಾಕೋದಾ, ಕ್ವೆತಾ?"

"ಬೇಡ ಬಿಡು, ಕಣ್ಣನ್ನೇ ಬಿಸಾಕು," ಎಂದಳು ಕ್ವೆತಾ. ಖ್ರುದಿಮ್ ಊರಿನ ಚೌಕದಲ್ಲಿ ಮೂವತ್ತು ವರ್ಷದಿಂದ ಕನ್ನಡಕದಂಗಡಿ ಇಟ್ಟವಳು. ಲಿಬುಶೆಯ ರೆಪ್ಪೆ ಎತ್ತಿ ದೀಪ ಹಿಡಿದಳು. "ಈ ಲೆನ್ಸ್ ಯಾವಾಗಿನದು?"

"ಹೋದ ತಿಂಗಳದ್ದು."

"ಲಿಬುಶೆ."

"ಅದರ ಹಿಂದಿನ ತಿಂಗಳದ್ದು."

ಸಾವಾದಾಗ ಪಾದ್ರಿಯನ್ನು ಕರೆಸುವವರು ಊರಿನಲ್ಲಿ ಕಡಿಮೆ. ಶವಸಂಸ್ಕಾರದ ಸಭಾಂಗಣದಲ್ಲಿ ಸತ್ತವರ ಪರವಾಗಿ ನಾಲ್ಕು ಮಾತಾಡುವುದು ಲಿಬುಶೆಯ ಕೆಲಸ. ಮೊದಲು ದಪ್ಪ ಕನ್ನಡಕ ಹಾಕುತ್ತಿದ್ದಳು. ಗಾಜಿನ ಹಿಂದೆ ಕಣ್ಣು ಬೇಳೆಕಾಳಿನಷ್ಟು ಕಾಣುತ್ತಿತ್ತು. "ಪೊಲೀಸಿನವಳು ವರದಿ ಓದಿದ ಹಾಗಿತ್ತು," ಎಂದು ಒಬ್ಬ ವಿಧವೆ ಹೇಳಿದ ಮೇಲೆ ಲೆನ್ಸಿಗೆ ಬಂದಳು. ಅವಳದು ಮೊದಲೇ ನಾಜೂಕಿನ ಕಣ್ಣು. ಲಿಲ್ಲಿ ಹೂವಿನ ಪರಾಗ, ಮೇಣದ ಬತ್ತಿಯ ಹೊಗೆ, ಅದರ ಮೇಲೆ ಹಳಸಿದ ಲೆನ್ಸ್. ಮೂರನೆಯ ವಾಕ್ಯಕ್ಕೆ ನೀರು ಧಾರೆಯಾಗಿ ಇಳಿಯುತ್ತಿತ್ತು. ಜನ ನೋಡಿದರು, ಮೆಚ್ಚಿದರು. ಯಾರದೋ ಸಾವಿಗೆ ಹೀಗೆ ಅಳುವವಳು ಎಲ್ಲಿ ಸಿಗುತ್ತಾಳೆ? ಅಳುವ ಲಿಬುಶೆ ಎಂದು ಹೆಸರಾಯಿತು. ತಾನು ಅಳುತ್ತೇನೆಂದು ಅವಳು ಹೇಳಿಕೊಳ್ಳಲಿಲ್ಲ, ಅಳುತ್ತಿಲ್ಲ ಎಂದೂ ಹೇಳಲಿಲ್ಲ. ಹನ್ನೊಂದು ವರ್ಷ ಅವಳಿಗೆ ಕಂಡದ್ದು ಕಪ್ಪು ಬಟ್ಟೆಗಳು, ಮೇಲೆ ಮುಖಗಳ ಬದಲು ಮಸುಕಾದ ಬಿಳಿ ಉಂಡೆಗಳು.

"ಕಣ್ಣಿನ ಮೇಲೆ ಗೀರು ಬಿದ್ದಿದೆ," ಎಂದಳು ಕ್ವೆತಾ. "ಇವತ್ತೇ ಡಾಕ್ಟರ ಹತ್ರ ಹೋಗು. ಅವರು ಸರಿ ಅನ್ನೋವರೆಗೆ ಲೆನ್ಸ್ ಮುಟ್ಟಬೇಡ. ಇನ್ನೊಂದು ಸಲ ಹೀಗಾದ್ರೆ ಜನ್ಮಕ್ಕೂ ಲೆನ್ಸ್ ಇಲ್ಲ."

ಮೂರು ವಾರ ಬಿಟ್ಟು ಅವಳು ಮತ್ತೆ ಬಂದಾಗ ಕ್ವೆತಾ ಮಗುವಿಗೆ ಕಲಿಸುವಂತೆ ಕಲಿಸಿದಳು. ವಾಸನೆಯಿಲ್ಲದ ಸೋಪಿನಲ್ಲಿ ಕೈ ತೊಳೆದು ಚೆನ್ನಾಗಿ ಒರೆಸಬೇಕು. ಮೊದಲು ಲೆನ್ಸ್, ಆಮೇಲೆ ಮುಖಕ್ಕೆ ಕ್ರೀಮು. ಸಭೆಗೆ ಸ್ವಲ್ಪ ಮುಂಚೆ ಹೊಸ ಜೊತೆ ಹಾಕಿ, ಮುಗಿದ ಕೂಡಲೇ ತೆಗೆದು ಬಿಸಾಕಬೇಕು. ಕೊನೆಗೆ ಭಾಷಣದ ಕಾಗದ ಕೊಟ್ಟು ಓದಿಸಿದಳು.

"ನೋಡಿದ್ಯಾ, ಮೀನಿನ ಹಾಗೆ ಓದ್ತೀಯ! ಒಂದು ಸಲವೂ ರೆಪ್ಪೆ ಬಡೀಲಿಲ್ಲ. ಕಣ್ಣು ಒಣಗದೆ ಇನ್ನೇನು?" ಕೆಂಪು ಪೆನ್ಸಿಲಿನಿಂದ ಪೂರ್ಣವಿರಾಮಗಳನ್ನೆಲ್ಲ ದಪ್ಪ ಮಾಡಿದಳು. "ಇದು ಬಂದಲ್ಲೆಲ್ಲ ಪೂರ್ತಿ ಕಣ್ಣು ಮುಚ್ಚು. ಅರ್ಧ ಅಲ್ಲ, ಪೂರ್ತಿ."

ಲಿಬುಶೆ ಒಂದು ವಾರ ಅಡುಗೆಮನೆಯಲ್ಲಿ ಆಲೂಗಡ್ಡೆಗಳ ಮುಂದೆ ನಿಂತು ಅಭ್ಯಾಸ ಮಾಡಿದಳು.

ಆಮೇಲೆ ಬಂದ ಮೊದಲ ಕರೆ ಶ್ರಾಮ್ಕೊವಾ ಎಂಬ ಮುದುಕಿಯದು. ಗಂಡ ಅಲೊಯಿಸ್ ತೀರಿಕೊಂಡಿದ್ದ. "ನೀವು ಚೆನ್ನಾಗಿ ಅಳ್ತೀರಂತೆ," ಎಂದಳು ಆಕೆ. "ನಂಗೆ ಅಳು ಬರ್ತಾ ಇಲ್ಲಮ್ಮ. ಐವತ್ತೆರಡು ವರ್ಷ ಬಾಳಿ ಒಂದು ಹನಿ ಇಲ್ಲ ಅಂದ್ರೆ ಊರವರು ಏನಂತಾರೆ? ನೀವಾದ್ರೂ ಅಳಿ." ಲಿಬುಶೆ ಸಭೆಯ ಗಂಟೆ ಬರೆದುಕೊಂಡಳು.

ಸಭಾಂಗಣದ ಹಿಂದಿನ ಕೋಣೆಯಲ್ಲಿ ಆರ್ಗನ್ ನುಡಿಸುವ, ಲೆನ್ಸಿನ ಗುಟ್ಟು ಬಲ್ಲ ಓಲ್ದಾ ಕನ್ನಡಿಯ ಮುಂದೆ ನಿಂತ ಅವಳನ್ನು ನೋಡಿ ನಕ್ಕ. "ಕಣ್ಣು ವಾಸಿ ಆಯ್ತು, ಇನ್ನು ಹೊಟ್ಟೆಪಾಡಿಗೆ ಕಾಯಿಲೆ. ಹಳೇ ಲೆನ್ಸ್ ಕೈಚೀಲದಲ್ಲಿ ಇದೆಯಲ್ಲ ಮಾರಾಯ್ತಿ, ಇವತ್ತೊಂದು ದಿನ ಹಾಕ್ಕೋ. ಪಾಪ, ಮುದುಕಿ ಆಸೆಪಟ್ಟಿದ್ದಾಳೆ."

ಲಿಬುಶೆ ಡಬ್ಬಿ ಹೊರತೆಗೆದಳು. ಒಂದು ಗಳಿಗೆ ಕೈಯಲ್ಲೇ ಹಿಡಿದು ನಿಂತಳು. ಆಮೇಲೆ ಹಳೆಯ ಲೆನ್ಸ್‌ಗಳನ್ನು ಬುಟ್ಟಿಗೆ ಹಾಕಿ, ಕೈ ತೊಳೆದು, ಹೊಸ ಜೊತೆಯ ಪೊಟ್ಟಣ ಒಡೆದು ಹಾಕಿಕೊಂಡಳು.

"ಅಲೊಯಿಸ್ ಮೆದುಮಾತಿನ ಮನುಷ್ಯ," ಎಂದು ಸಭೆಯ ಮುಂದೆ ಓದಿದಳು. ಸತ್ತವನ ಮಗಳು ಬರೆದುಕೊಟ್ಟದ್ದು. ಕಣ್ಣು ಮುಚ್ಚಿದಳು, ತೆರೆದಳು. "ಯಾರ ಮೇಲೂ ದನಿ ಎತ್ತಿದವರಲ್ಲ." ಮತ್ತೆ ಮುಚ್ಚಿ ತೆರೆದಾಗ ಎರಡನೆಯ ಸಾಲಿನಲ್ಲಿ ಸತ್ತವನ ತಮ್ಮ ವಿಲೇಮ್‌ನ ಭುಜ ಕುಲುಕುತ್ತಿತ್ತು. ಕುಲುಕುವ ಭುಜಗಳನ್ನು ಅವಳು ಹನ್ನೊಂದು ವರ್ಷದಿಂದ ಕಂಡಿದ್ದಳು. ಪಾಪ, ಅಳುತ್ತಿದ್ದಾರೆ ಎಂದುಕೊಂಡು ದನಿ ತಗ್ಗಿಸಿ ಮುಂದೆ ಓದುತ್ತಿದ್ದಳು. ಇಂದು ಮುಖ ಕಾಣಿಸಿತು. ವಿಲೇಮ್ ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡು ನಗು ತಡೆಯುತ್ತಿದ್ದ. ಮೊದಲ ಸಾಲಿನಲ್ಲಿ ಶ್ರಾಮ್ಕೊವಾ ತುಟಿ ಕಚ್ಚಿ ನೆಲ ನೋಡುತ್ತಿದ್ದಳು.

ಲಿಬುಶೆ ಕಾಗದ ಕೆಳಗಿಟ್ಟಳು. "ವಿಲೇಮ್ ಅವರೇ, ನಾನು ತಪ್ಪು ಹೇಳಿದ್ನಾ?"

ವಿಲೇಮ್ ಎದ್ದು ನಿಂತ. "ತಪ್ಪಾ! ಹಾಕಿ ಆಟ ನೋಡ್ತಾ ಇವನು ಕಿರುಚಿದ್ರೆ ಪಕ್ಕದ ಮನೆ ನಾಯಿ ಮಂಚದ ಕೆಳಗೆ ಸೇರ್ತಿತ್ತು ತಾಯಿ!"

"ನಾಯಿ ಅಲ್ಲ ಕಣೋ," ಎಂದಳು ಶ್ರಾಮ್ಕೊವಾ, ತಿರುಗದೆ. "ಪಕ್ಕದ ಮನೆ ಯಜಮಾನ."

ಯಾರೋ ಕಿಸಕ್ಕೆಂದರು, ಮರುಕ್ಷಣ ಇಡೀ ಸಭೆ ನಕ್ಕಿತು. ಮುದುಕಿಯೂ ನಕ್ಕಳು, ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುನಗುತ್ತಲೇ ದನಿ ಒಡೆಯಿತು. "ಇನ್ನು ಮನೇಲಿ ಯಾರು ಕಿರುಚ್ತಾರೆ," ಎಂದು ಮೂಗು ಸೋರುವಂತೆ ಅಳತೊಡಗಿದಳು. ಲಿಬುಶೆಯ ಕಣ್ಣು ಒಣಗಿರಲಿಲ್ಲ, ಒದ್ದೆಯೂ ಆಗಿರಲಿಲ್ಲ.

ಅವಳು ಈಗ ಅಳುವುದಿಲ್ಲವಂತೆ ಎಂಬ ಸುದ್ದಿ ಊರಲ್ಲಿ ಹಬ್ಬಿತು. ಆ ವಸಂತದಲ್ಲಿ ಎರಡು ಮನೆಯವರು ಪಕ್ಕದ ಪಾರ್ದುಬಿತ್ಸೆ ಊರಿನ ಭಾಷಣಗಾರನನ್ನು ಕರೆಸಿಕೊಂಡರು. ಆ ಮನೆಯವರು ಮತ್ತೆ ಲಿಬುಶೆಯ ಹತ್ತಿರ ಬರಲಿಲ್ಲ. ಊರು ಕೊಟ್ಟ ಹೆಸರೂ ಹೋಯಿತು. ಕಣ್ಣು ಉಳಿಯಿತು. ತಾನು ಯಾರ ಎದುರಿಗೆ ಮಾತಾಡುತ್ತಿದ್ದೇನೆ ಎಂಬುದು ಕಾಣತೊಡಗಿತು.