ಎರಡು ಭುಜ, ಒಂದೇ ಎತ್ತರ

ನೋವಿದೆ ಎನ್ನುವವರನ್ನು ಅರ್ಧ ನಂಬಬೇಕು, ನೋವೇ ಇಲ್ಲ ಎನ್ನುವವರನ್ನು ಅಷ್ಟೂ ನಂಬಬಾರದು ಎಂಬುದು ತಂಗಿ ತನ್ನ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಕಲಿತ ಪಾಠ. ಶಾಲಾ ಬಸ್ಸಿನ ಡ್ರೈವರುಗಳ ಮೂಳೆ, ಕೀಲು, ಸ್ನಾಯುಗಳನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿ ‘ಓಡಿಸಬಹುದು’ ಎಂದು ಸಹಿ ಹಾಕುವವಳು ಅವಳೇ. ಇವತ್ತು ಎದುರಿಗೆ ನಿಂತಿದ್ದವರು ಸ್ವಂತ ಅಕ್ಕನ ಗಂಡ. ಬೇರೆಯವರ ಹತ್ತಿರ ಕಳಿಸೋಣವೆಂದರೆ ಊರಿಗೆಲ್ಲ ಇವಳೊಬ್ಬಳೇ. ತಂಗಿಯ ಮಗಳು ದಿನಾ ಶಾಲೆಗೆ ಹೋಗುವುದೂ ಭಾವನ ಬಸ್ಸಿನಲ್ಲೇ.

“ಎಲ್ಲಾದರೂ ನೋವಿದೆಯಾ, ಭಾವ?”

“ನಂಗ್ಯಾಕಮ್ಮ ನೋವು! ಕಲ್ಲುಗುಂಡಿನ ಹಾಗಿದ್ದೀನಿ.”

ಕೇಳಿದ ಪ್ರಶ್ನೆ ಮುಗಿಯುವುದರೊಳಗೆ ಉತ್ತರ ಬಂದಿತ್ತು. ತಂಗಿಗೆ ಮೊದಲ ಸಲ ಮನಸ್ಸು ಚುರುಕ್ಕೆಂದಿತು.

ಅವಳ ಕೆಲಸಕ್ಕೆ ಒಂದು ಕ್ರಮವಿತ್ತು. ಮೊದಲು ಕಣ್ಣಲ್ಲಿ ನೋಡುವುದು, ಆಮೇಲೆ ಕೈಯಲ್ಲಿ ಮುಟ್ಟುವುದು, ಕೊನೆಗೆ ಆಡಿಸಿ ನೋಡುವುದು. ಏನೇ ನೋಡಿದರೂ ಎಡ ಬಲ ಎರಡನ್ನೂ ಹೋಲಿಸುವುದು. ಭಾವ ಪರದೆಯ ಹಿಂದೆ ಹೋಗಿ ಅಂಗಿ ಬಿಚ್ಚಿ ಬಂದರು. ಬಿಚ್ಚುವುದಕ್ಕೆ ಬಹಳ ಹೊತ್ತು ಹಿಡಿಯಿತು. ತಂಗಿ ಭುಜದ ಮೂಳೆಗಳನ್ನು ಒತ್ತಲು ಹೋದಳು. ಬೆರಳು ತಾಗುವ ಮುಂಚೆಯೇ “ಇಲ್ಲ, ಇಲ್ಲ” ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗಿತ್ತು ಅವರ ಅವಸರ.

“ಎರಡೂ ಕೈ ಮೇಲೆತ್ತಿ.”

ಎತ್ತಿದರು. ಎರಡೂ ಕೈ ಭುಜದ ಮಟ್ಟ ದಾಟಿ, ಕಿವಿಯವರೆಗೂ ಹೋಗದೆ, ಒಂದೇ ಜಾಗದಲ್ಲಿ ನಿಂತವು.

“ಇನ್ನೂ ಮೇಲೆ.”

“ಅಷ್ಟೇ ಕಣಮ್ಮ. ವಯಸ್ಸಾಗ್ಲಿಲ್ವಾ?”

ಕೈಗಳನ್ನು ಬೆನ್ನ ಹಿಂದೆ ತರಲು ಹೇಳಿದಳು. ಎರಡೂ ಸೊಂಟದ ಪಕ್ಕದಲ್ಲೇ ನಿಂತವು. ಎಡಕ್ಕೂ ಬಲಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಹೋಲಿಸಿ ನೋಡಿದರೆ ತಪ್ಪೇ ಇಲ್ಲ. ಆದರೆ ದೇವರು ಯಾರಿಗೂ ಎರಡು ಭುಜವನ್ನು ಹೀಗೆ ಅಚ್ಚು ಹೊಡೆದು ಕೊಟ್ಟಿರುವುದಿಲ್ಲ. ಬಲಗೈಯಲ್ಲಿ ದುಡಿಯುವ ಮನುಷ್ಯನಿಗಂತೂ ಎರಡೂ ಕಡೆ ಒಂದೇ ಸಮ ಇರಲು ಸಾಧ್ಯವೇ ಇಲ್ಲ.

“ಸರಿ, ಅಂಗಿ ಹಾಕ್ಕೊಳ್ಳಿ” ಎಂದಳು. ಮನಸ್ಸು ಮಾತ್ರ ಸರಿ ಎನ್ನಲಿಲ್ಲ.

ಭಾವ ಪರದೆಯಾಚೆ ಹೋದದ್ದೇ ತಡ, ಹೊರಗೆ ಕೂತಿದ್ದ ಅಕ್ಕ ಒಳಗೆ ನುಗ್ಗಿದಳು. ತಂಗಿಯ ತೋಳು ಹಿಡಿದು ಮೂಲೆಗೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದಳು. “ನಿನಗೊಬ್ಬಳಿಗೇ ಹೇಳ್ತೀನಿ, ಯಾರಿಗೂ ಹೇಳ್ಬೇಡ. ಇವರಿಗೆ ಯಾರೋ ಇದ್ದಾಳೆ ಕಣೇ.”

“ಏನೇ ಅಕ್ಕ, ತಲೆ ಕೆಟ್ಟಿದೆಯಾ?”

“ನನ್ನ ಕಣ್ಣೇನು ಕುರುಡಾ? ರಾತ್ರಿಯೆಲ್ಲ ನನ್ನ ಕಡೆ ಬೆನ್ನು ಹಾಕಿ ಎಡಮಗ್ಗುಲಲ್ಲೇ ಮಲಗ್ತಾರೆ. ಬಟ್ಟೆ ಹಾಕ್ಕೊಳ್ಳೋಕೆ ಬಚ್ಚಲಿಗೆ ಹೋಗಿ ಚಿಲಕ ಹಾಕ್ತಾರೆ, ಮುಗಿಯೋಕೆ ಅರ್ಧ ಗಂಟೆ. ಹಿಂದಿನ ಜೇಬಲ್ಲಿರ್ತಿದ್ದ ಪರ್ಸು ಈಗ ಅಂಗಿ ಜೇಬಿಗೆ ಬಂದಿದೆ, ಎದೆಗೆ ಒತ್ತಿಕೊಂಡು ಓಡಾಡ್ತಾರೆ. ಯಾರ ಫೋಟೋ ಇದೆಯೋ! ತಲೆ ಬಾಚೋದೂ ಎಡಗೈಲಿ. ಇದೆಲ್ಲ ಯಾಕೆ ಹೇಳು?”

ಅಕ್ಕ ಹೇಳುತ್ತಿದ್ದದ್ದು ಸವತಿಯ ಕಥೆ. ತಂಗಿಗೆ ಕೇಳಿಸುತ್ತಿದ್ದದ್ದು ಬಿಗಿದುಹೋದ ಬಲಭುಜದ ಕಥೆ. ಆ ಮಗ್ಗುಲಿಗೆ ಮಲಗಲಾಗದು, ಹಿಂದಿನ ಜೇಬಿಗೆ ಕೈ ಹೋಗದು, ತಲೆಯವರೆಗೆ ಕೈ ಏಳದು.

“ಅಕ್ಕ, ಮೊನ್ನೆ ಫೋನಲ್ಲಿ ಪರೀಕ್ಷೆ ಹೇಗೆ ಮಾಡ್ತೀರಿ ಅಂತ ಕೇಳಿದ್ದೆಯಲ್ಲ, ಯಾಕೆ?”

“ಇವರೇ ಕೇಳು ಅಂದ್ರು. ನೀನು ಎರಡೂ ಕಡೆ ಹೋಲಿಸ್ತೀವಿ ಅಂದೆ, ನಾನು ಹಾಗೇ ಹೇಳ್ದೆ. ಯಾಕೇ?”

ಬುದ್ಧಿವಂತಿಕೆ ತೋರಿಸಲು ಹೋಗಿ ತಂಗಿ ತಾನೇ ಬೀಗದ ಕೈ ಕೊಟ್ಟಿದ್ದಳು! ನೋವಿರುವ ಕೈ ಎಷ್ಟು ಏಳುತ್ತದೋ, ಚೆನ್ನಾಗಿರುವ ಕೈಯನ್ನೂ ಅಲ್ಲಿಗೇ ನಿಲ್ಲಿಸಿದ್ದರು ಭಾವ.

“ಭಾವ, ಇನ್ನೊಂದು ನಿಮಿಷ ಬನ್ನಿ.”

ಅಂಗಿ ಕೈಯಲ್ಲೇ ಹಿಡಿದುಕೊಂಡು ಬಂದರು. ಮಂಚದ ಮೇಲೆ ಮಲಗಿಸಿದಳು. “ನೀವೇನೂ ಮಾಡ್ಬೇಡಿ. ಕೈ ಸಡಿಲ ಬಿಡಿ, ನಾನು ಎತ್ತುತ್ತೀನಿ.” ಎಡಗೈ ಹಿಡಿದಳು. ಅದು ಮರದ ಕೊರಡಿನಂತೆ ಬಿಗಿಯಾಗಿತ್ತು. ಎತ್ತಲು ಬಿಡದೆ ಭಾವ ಕೆಳಗೆ ಒತ್ತುತ್ತಿದ್ದರು.

“ಬಿಡಿ ಭಾವ. ನನಗೆ ಗೊತ್ತಾಗಿದೆ.”

ಕೈ ಸಡಿಲವಾಯಿತು. ಕಿವಿ ದಾಟಿ, ತಲೆ ದಾಟಿ, ಹಾಸಿಗೆಗೆ ತಾಗಿತು. ಬಲಗೈ ಎತ್ತಿದಳು. ಅರ್ಧದಲ್ಲೇ ಕಚ್ಚಿಕೊಂಡಿತು. ಭಾವನ ಹಣೆಯಲ್ಲಿ ಬೆವರು ಮೂಡಿತು.

ಅಕ್ಕ ಬಾಯಿ ಬಿಟ್ಟು ನೋಡುತ್ತಿದ್ದಳು. “ಅಂದ್ರೆ... ಯಾರೂ ಇಲ್ವಾ?”

“ಯಾರಿರ್ತಾರೆ?” ಎಂದರು ಭಾವ, ಏನೂ ಅರ್ಥವಾಗದೆ.

“ಹಾಗಾದ್ರೆ ಪರ್ಸಲ್ಲಿ?”

“ಚಿಲ್ಲರೆ.”

ಅಕ್ಕನಿಗೆ ನಗು, ಅಳು, ಸಿಟ್ಟು ಒಟ್ಟಿಗೇ ಬಂದವು. “ನನ್ನ ನಿದ್ದೆಯೆಲ್ಲ ಹಾಳು ಮಾಡಿದ್ರಲ್ಲ!” ಎಂದು ಗಂಡನ ಭುಜಕ್ಕೆ ಒಂದು ಏಟು ಕೊಟ್ಟಳು. ಕೊಟ್ಟದ್ದು ಬಲಭುಜಕ್ಕೇ. ಭಾವ ‘ಅಮ್ಮಾ’ ಎಂದು ಕೂಗಿದ ಕೂಗಿಗೆ ಅವಳೇ ಬೆದರಿ ಹಿಂದೆ ಸರಿದಳು. ಮರುಕ್ಷಣ ಅವಳ ಮುಖ ಸಪ್ಪಗಾಯಿತು.

“ಹಾಗಾದ್ರೆ ಬಸ್ಸು? ಲೇ, ನೀನು ಸಹಿ ಹಾಕ್ಬಿಡೇ. ನಿಧಾನವಾಗಿ ವಾಸಿ ಮಾಡಿಸೋಣ. ನಿನ್ನ ಮಗಳೂ ಅದೇ ಬಸ್ಸಲ್ಲಿ ಹೋಗ್ತಾಳಲ್ಲ, ಇಷ್ಟು ದಿನ ಏನಾಯ್ತು?”

ತಂಗಿ ಸಂಕಟದಿಂದ ತಲೆ ತಗ್ಗಿಸಿದಳು. ಚಿಕ್ಕಂದಿನಲ್ಲಿ ಇವಳ ತಪ್ಪುಗಳನ್ನೆಲ್ಲ ಮುಚ್ಚಿಟ್ಟ ಅಕ್ಕ ಅವಳು.

ಮಾತಾಡಿದವರು ಭಾವ. “ಮೊನ್ನೆ ಶಾಲೆ ಹತ್ರದ ತಿರುವಲ್ಲಿ ಕೈ ಹಿಡ್ಕೊಂಡ್ಬಿಡ್ತು. ಸ್ಟೇರಿಂಗ್ ತಿರುಗ್ಲೇ ಇಲ್ಲ. ಗೋಡೆ ಪಕ್ಕದಲ್ಲೇ ಬ್ರೇಕ್ ಹಾಕ್ದೆ.” ಅವರು ಮಂಚದ ಮೇಲೆ ಎದ್ದು ಕೂತರು. “ಮಕ್ಕಳು ಹಾಡ್ತಾ ಇದ್ರು. ಯಾರಿಗೂ ಗೊತ್ತಾಗ್ಲಿಲ್ಲ. ನಿನ್ನ ಮಗಳು ನನ್ನ ಹಿಂದಿನ ಸೀಟಲ್ಲೇ ಕೂತಿದ್ಲು.”

ತಂಗಿ ಕುರ್ಚಿ ಎಳೆದುಕೊಂಡು ಕೂತಳು.

“ಬರಿಯಮ್ಮ” ಎಂದರು ಭಾವ. “ಓಡಿಸಬಾರದು ಅಂತ ಬರಿ.”

ತಂಗಿ ಬರೆದಳು. “ನಾಳೆಯಿಂದ ದಿನಾ ಇಲ್ಲಿಗೆ ಬನ್ನಿ. ತಿಂಗಳುಗಟ್ಟಲೆ ಹಿಡಿಯಬಹುದು. ಆದ್ರೂ ಈ ಬಿಗಿತ ಬಿಡುತ್ತೆ, ಭಾವ” ಎಂದಳು.

ಅಕ್ಕ ಅಂಗಿ ಎತ್ತಿಕೊಂಡು ಗಂಡನ ಎಡಗೈಗೆ ತೋಳು ಹಾಕಲು ಹೋದಳು.

“ನೋವಿರೋ ಕೈ ಮೊದಲು, ಅಕ್ಕ.”

ಅಕ್ಕ ಅಂಗಿಯನ್ನು ತಿರುಗಿಸಿ ಹಿಡಿದಳು. “ಇಷ್ಟು ದಿನ ಬಚ್ಚಲಲ್ಲಿ ಒಬ್ಬರೇ ಇದನ್ನ ಹಾಕ್ಕೊಳ್ತಿದ್ರಾ?” ಎಂದು ಕೇಳಿದಳು. ಭಾವ ಹೂಂ ಎಂದರು.