ಗೋಡೆಯ ಮೂಲೆಯ ಹಕ್ಕಿ

ಗೋಡೆಗಳ ಮೇಲೆ ಜಾಹೀರಾತು ಬರೆಯುವ ಪೇಂಟರ್‌ನ ಮಾನ ಹೋದದ್ದು ಕ್ಷೌರದಂಗಡಿಯಲ್ಲಿ. ಅರ್ಧ ಕೆನ್ನೆ ಬೋಳಿಸಿ ಆಗಿತ್ತು, ಇನ್ನರ್ಧ ನೊರೆಯಲ್ಲಿತ್ತು. ಎದ್ದು ಓಡುವ ಹಾಗೂ ಇರಲಿಲ್ಲ.

"ಪೇಂಟರಣ್ಣ, ನಿಮ್ಮ ತಂಗಿ ಮಗಳು ಕಂಪನಿ ಜೊತೆ ರಾಜಿ ಆಗ್ಬಿಟ್ಲಾ?" ಎಂದು ಕ್ಷೌರಿಕ ಕತ್ತಿ ಒರೆಸುತ್ತ ಕೇಳಿದ. "ಸೇತುವೆ ಪಕ್ಕದ ಗೋಡೇಲಿ ಹಕ್ಕಿ ಬಂದು ಕೂತಿದೆಯಲ್ಲ."

ಯಾವ ಹಕ್ಕಿ ಎಂದು ಕೇಳಹೊರಟವನಿಗೆ ತಟ್ಟನೆ ಹೊಳೆಯಿತು. ಹಿಂದಿನ ದಿನ ಆ ಗೋಡೆಗೆ ಬರೆದವನು ಅವನೇ. 'ಒಂದೇ ಕಂಪನಿಯ ಹಿಡಿತ ಮುರಿಯೋಣ' ಎಂದು ಆಳೆತ್ತರದ ಅಕ್ಷರ, ಕೆಳಗೆ ತಂಗಿಯ ಮಗಳ ಚುನಾವಣೆ ಗುರುತು, ಏಣಿ. ಎಲ್ಲ ಮುಗಿದ ಮೇಲೆ ಬಲಮೂಲೆಗೆ ಕುಂಚ ಇಟ್ಟದ್ದೂ ಈಗ ನೆನಪಾಯಿತು. ಹಕ್ಕಿಯ ಮೈಗೆ ಒಂದು ಗೆರೆ, ರೆಕ್ಕೆಗೆ ಎರಡು. ಸೋಪು, ಹಿಟ್ಟು, ಎಣ್ಣೆ ಎಲ್ಲ ಮಾರುವ ಆ ಕಂಪನಿಯ ಗುರುತು, ನೀಲಿ ಹಕ್ಕಿ. ವರ್ಷಗಟ್ಟಲೆ ಅವರಿಗೇ ಬರೆದವನು. ಮೂಲೆಯಲ್ಲಿ ಹಕ್ಕಿ ಇಲ್ಲದ ಗೋಡೆಯನ್ನು ಅವರು ಒಪ್ಪುತ್ತಲೇ ಇರಲಿಲ್ಲ. ನಿನ್ನೆ ಮನಸ್ಸೆಲ್ಲ ತಂಗಿಯ ಮಗಳ ಕಡೆಗಿತ್ತು, ಕೈ ಮಾತ್ರ ಹಳೆಯ ಯಜಮಾನನ ಕೆಲಸ ಮಾಡಿ ಬಂದಿತ್ತು.

ಉಳಿದರ್ಧ ಬೋಳಿಸುವಷ್ಟು ಹೊತ್ತೂ ಅವನು ಕನ್ನಡಿ ನೋಡಲಿಲ್ಲ.

ಬರೀ ನಗೆಪಾಟಲಾಗಿದ್ದರೆ ನುಂಗಿಕೊಳ್ಳಬಹುದಿತ್ತು. ಆದರೆ ಕಂಪನಿಯ ಹಿಡಿತದ ಈ ಮಾತನ್ನೇ ಚುನಾವಣೆಗೆ ಎತ್ತು ಎಂದು ಅವಳ ತಲೆಗೆ ತುಂಬಿದವನೂ ಅವನೇ. ಅವಳದು ದಿನಸಿ ಅಂಗಡಿ. ಬೇರೆಯವರ ಸೋಪು ಇಟ್ಟರೆ ಹಿಟ್ಟು, ಎಣ್ಣೆ ಕಳಿಸುವುದಿಲ್ಲ ಎಂದು ಕಂಪನಿಯವರು ಹೆದರಿಸಿದಾಗ ಅವಳು ರೇಗಿ ಚುನಾವಣೆಗೆ ನಿಂತಿದ್ದಳು. ಅವಳ ಪಕ್ಷದ ಕಾರ್ಯದರ್ಶಿ ಮೂಗು ಮುರಿದಿದ್ದ. ನಲ್ಲಿ ನೀರು, ರಸ್ತೆ ಗುಂಡಿ ಎಂದರೆ ಜನಕ್ಕೆ ತಟ್ಟುತ್ತದೆ. ಕಂಪನಿ ದೊಡ್ಡದಾಯಿತು ಎಂದರೆ ಯಾರಿಗೇನು, ಸೋಪು ಸಿಕ್ಕರೆ ಸಾಕು ಅವರಿಗೆ ಎಂದಿದ್ದ. ಆಗ, ಎಂದೂ ಮಾತಾಡದ ಈ ಪೇಂಟರ್ ಮಾವನೇ ನಡುವೆ ಬಾಯಿ ಹಾಕಿದ್ದ. ಸೇತುವೆ ಪಕ್ಕದ ಅದೇ ಗೋಡೆಗೆ ಕುದುರೆ ಸೋಪು, ಚಂದ್ರನ ಎಣ್ಣೆ, ಬೀಗದ ಕೈ ಹಿಟ್ಟು ಎಂದು ಬೇರೆ ಬೇರೆ ಯಜಮಾನರಿಗೆ ಬರೆದದ್ದು, ಈ ಕಂಪನಿಯ ಮುಂದೆ ನಿಲ್ಲಲಾರದೆ ಒಬ್ಬೊಬ್ಬರೇ ಕಣ್ಮರೆಯಾದಂತೆ ತಾನೇ ಸುಣ್ಣ ಬಳಿದು ಅವರನ್ನು ಅಳಿಸಿದ್ದು, ಎಲ್ಲ ಹೇಳಿದ್ದ. ಜನರೂ ಇದನ್ನು ಕಂಡವರೇ ಮಗಳೇ, ಅರ್ಥವಾಗುತ್ತದೆ ಎಂದಿದ್ದ. ಅವನ ಮಾತು ನಂಬಿ ಅವಳು ನೀರು, ಗುಂಡಿ ಎಲ್ಲ ಬಿಟ್ಟು ಇದೊಂದನ್ನೇ ಹಿಡಿದಿದ್ದಳು.

ಸುಣ್ಣದ ಡಬ್ಬ ಹಿಡಿದು ಅವನು ಸೇತುವೆಗೆ ಬರುವಷ್ಟರಲ್ಲಿ ಜನ ಸೇರಿಬಿಟ್ಟಿದ್ದರು. ಹಕ್ಕಿಗೆ ಏಣಿ ಯಾತಕ್ಕಪ್ಪಾ ಎಂದು ಯಾರೋ ಅಂದರು, ಉಳಿದವರು ನಕ್ಕರು. ಕಾರ್ಯದರ್ಶಿ ಮುಖ ಊದಿಸಿಕೊಂಡು ನಿಂತಿದ್ದ. ತಂಗಿಯ ಮಗಳು ಗೋಡೆಯನ್ನೇ ನೋಡುತ್ತಿದ್ದಳು.

"ಬೇಕೂಂತ ಮಾಡಿದ್ದಲ್ಲ ಮಗಳೇ," ಎಂದ, ನೆಲ ನೋಡುತ್ತ. "ನನ್ನ ಕೈಯೇ ನನ್ನ ಮಾತು ಕೇಳ್ಲಿಲ್ಲ."

"ಗೊತ್ತು ಮಾವ. ಅಳಿಸ್ಬೇಡ, ಇರು."

ಅವಳು ಜನರ ಕಡೆ ತಿರುಗಿದಳು. ದನಿ ಏರಿಸಲಿಲ್ಲ.

"ನಗ್ರಿ, ನಾನೂ ನಕ್ಕೆ. ಇವರು ನಮ್ಮ ಮಾವ. ನನಗೆ ವೋಟು ಕೇಳೋಕೆ ಹೋಗಿ ಕಂಪನಿ ಹಕ್ಕಿ ಬರೆದ್ರು. ನೀವು ನನ್ನ ಅಂಗಡೀಲಿ ಏನಂತ ಕೇಳ್ತೀರಿ? ಸೋಪು ಕೊಡು ಅಂತೀರಾ, ಹಕ್ಕಿ ಕೊಡು ಅಂತೀರಾ?"

ನಗು ನಿಂತಿತು. ಮುಂದೆ ನಿಂತ ಹೆಂಗಸೊಬ್ಬಳು ಕೈಚೀಲದ ಮೇಲಿದ್ದ ನೀಲಿ ಹಕ್ಕಿಯನ್ನು ಮೆಲ್ಲಗೆ ಸೀರೆಯ ಕಡೆಗೆ ತಿರುಗಿಸಿಕೊಂಡಳು.

ಕಾರ್ಯದರ್ಶಿಯ ಮುಖ ಅರಳಿತು. ಇದು ಜನಕ್ಕೆ ಹಿಡಿಸಿತು, ಮಾವ ಪ್ರತಿ ಸಭೆಗೂ ಬಂದು ವೇದಿಕೆ ಮೇಲೆ ಕೂರಲಿ, ಎಲ್ಲ ಗೋಡೆಗೂ ಹೀಗೇ ಹಕ್ಕಿ ಬರೆಯಲಿ ಎಂದ.

"ನಿನಗೆ ಕಷ್ಟ ಆದ್ರೆ ಬೇಡ ಮಾವ," ಎಂದಳು ಅವಳು. ಆದರೆ ಅವಳ ಕಣ್ಣಲ್ಲಿ ಆಸೆಯಿತ್ತು. ಎಷ್ಟೋ ದಿನದ ಮೇಲೆ ಬಂದ ಆಸೆ. ಒಪ್ಪಿದರೆ ಊರೆಲ್ಲ ತನ್ನ ಕೈ ನೋಡುತ್ತದೆ, ಮುಂದೆ ಯಾರೂ ತನ್ನನ್ನು ಈ ತಪ್ಪು ಬಿಟ್ಟು ಬೇರೆ ಯಾವುದಕ್ಕೂ ನೆನೆಯುವುದಿಲ್ಲ ಎಂದು ಅವನಿಗೆ ತಿಳಿಯಿತು. ಆದರೂ ಆಗಲಿ ಎಂದ.

ಮಾರನೆಯ ದಿನ ಮಾರುಕಟ್ಟೆ ಗೋಡೆಯಲ್ಲಿ ಅಕ್ಷರ, ಏಣಿ ಮುಗಿಸಿ ಮೂಲೆಗೆ ಬಂದ. ಅಂದು ತಾನಾಗಿ ಓಡಿದ್ದ ಕೈ, ಬೇಕೆಂದೇ ಬರೆಯಹೋದರೆ ಓಡಲಿಲ್ಲ. ಹಿಂದೆ ನಿಂತ ಜನ ನೋಡುತ್ತಿದ್ದರು. ಹಕ್ಕಿಯ ಒಂದು ರೆಕ್ಕೆ ಸೊಟ್ಟಗೆ ಬಂತು.