ಮೋಡೆಮ್ ಕೇಳಿದ್ದು ಯಾರ ಹೆಸರು?

ನಮ್ಮ ಬೀದಿಯ ಇಸ್ತ್ರಿ ಮಾವನ ಮನೆಗೆ ಬೆಳಿಗ್ಗೆಯೇ ಸಿಹಿ ಸುದ್ದಿ ಬಂದಿತ್ತು. ದೂರದ ಊರಿನಲ್ಲಿರುವ ಮಗಳಿಗೆ ಗಂಡು ಮಗು! ಸಂಜೆ ಐದಕ್ಕೆ ವಿಡಿಯೋ ಕಾಲ್ ಮಾಡಿ ತೋರಿಸುತ್ತೇವೆ ಎಂದು ಅಳಿಯ ಹೇಳಿದ್ದ. ಬೇರೆ ಮನೆಯಾಗಿದ್ದರೆ, ಮುಖ ಕಾಣದಿದ್ದರೂ ದನಿಯಾದರೂ ಕೇಳಿತು ಎಂದು ಸಮಾಧಾನಪಡಬಹುದಿತ್ತು. ಈ ಮಗಳಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು. ಅವಳ ಮಾತೆಲ್ಲ ಕೈಯಲ್ಲಿ. ಕೈ ಕಾಣದಿದ್ದರೆ ಹೆತ್ತವರಿಗೆ ಮಗಳ ಮಾತೇ ಇಲ್ಲ.

ಇಂಥ ದಿನವೇ ಮೋಡೆಮ್ ಮುಷ್ಕರ ಹೂಡಬೇಕೇ? ಸಿಮ್ ಹಾಕುವ ಅಂಗೈಯಗಲದ ಡಬ್ಬಿ ಅದು. ಅದರ ವೈಫೈ ಇದ್ದರೆ ಮನೆಯ ಟ್ಯಾಬ್‌ಗೆ ಜೀವ. ಮಾವನ ಗುಂಡಿಯೊತ್ತುವ ಫೋನಿನಲ್ಲಂತೂ ವಿಡಿಯೋ ಬಾರದು. ಹಳೆಯ ಕಂಪನಿಯ ಸಿಗ್ನಲ್ ಸರಿಯಿಲ್ಲವೆಂದು ಮಾವ ಬೇರೆ ಕಂಪನಿಯ ಸಿಮ್ ತಂದು ಹಾಕಿದ್ದರು. ಅಷ್ಟೇ, ಕೆಂಪು ದೀಪ! ಕಿಟಕಿಯಲ್ಲಿಟ್ಟರು, ಅಟ್ಟದ ಮೇಲಿಟ್ಟರು, ನೆತ್ತಿಗೆ ನಾಲ್ಕು ತಟ್ಟಿದರು. ಜಪ್ಪಯ್ಯ ಅಂದರೂ ದೀಪ ಬಣ್ಣ ಬದಲಿಸಲಿಲ್ಲ.

"ಇದು ಸತ್ತೋಗಿದೆ ಕಣೇ. ಗುಜರಿಗೆ ಹಾಕೋದೇ ಸರಿ," ಎಂದರು ಮಾವ.

ಅತ್ತೆಯ ಕಣ್ಣು ತುಂಬಿತು. "ರೀ, ಮೊಮ್ಮಗನ ಮುಖ ನಾಳೆ ನೋಡಿದ್ರೂ ಆಯ್ತು. ನನ್ನ ಮಗಳು ಹೇಗಿದಾಳೆ ಅಂತ ಅವಳ ಕೈಯಿಂದಲೇ ಕೇಳ್ಬೇಕು ನಂಗೆ."

ಅಷ್ಟರಲ್ಲಿ ಬಟ್ಟೆ ಒಯ್ಯಲು ಪಕ್ಕದ ಮನೆಯ ಕೊರಿಯರ್ ಅಕ್ಕ ಬಂದಳು. ಅವಳ ಹತ್ತಿರವಿದ್ದದ್ದು ಆಫೀಸಿನ ಫೋನು, ಪಾರ್ಸೆಲ್ ಸ್ಕ್ಯಾನ್ ಮಾಡುವುದು ಬಿಟ್ಟರೆ ಬೇರೇನೂ ಬಾರದು. ಆದರೆ ಅವಳ ಆಫೀಸಿನಲ್ಲೂ ಇಂಥದೇ ಮೋಡೆಮ್ ಇತ್ತು.

"ಸಿಮ್ ಬದಲಾಯಿಸಿದ ಮೇಲೆ ಸೆಟ್ಟಿಂಗ್ ಬದಲಾಯಿಸಿದ್ರಾ ಮಾವ?"

ಮಾವನಿಗೆ ರೇಗಿತು. "ಎಲ್ಲಾ ಆಯ್ತಮ್ಮ! ಕಸ್ಟಮರ್ ಕೇರ್ ಹುಡುಗಿ ಹೇಳಿದ ಹಾಗೇ ತುಂಬಿಸಿದೀನಿ. ನೀನೇನು ಹೊಸದಾಗಿ ಹೇಳೋದು?"

"ಒಂದ್ಸಲ ನೋಡ್ತೀನಿ ಬಿಡಿ. ನೋಡಿದ್ರೆ ಸವೆದು ಹೋಗುತ್ತಾ?"

ಅಕ್ಕ ಡಬ್ಬಿಯನ್ನು ಬೋರಲು ಹಾಕಿ ಹಿಂದೆ ಅಂಟಿಸಿದ ಚೀಟಿಯನ್ನು ಅತ್ತೆಗೆ ತೋರಿಸಿದಳು. "ನೋಡಿ, ಈ ಅಂಕಿಗಳೇ ವಿಳಾಸ. ಬ್ರೌಸರ್‌ನಲ್ಲಿ ಹೊಡೀಬೇಕು. ಲಾಗಿನ್ ಹೆಸರು, ಪಾಸ್‌ವರ್ಡ್ ಕೂಡ ಇಲ್ಲೇ ಇದೆ."

"ನೆಟ್ಟೇ ಇಲ್ದೆ ಪೇಜ್ ಹೇಗೆ ತೆರೆಯುತ್ತೆ?" ಅತ್ತೆ ಕೇಳಿದರು.

"ಇದು ಡಬ್ಬಿಯೊಳಗಿನ ಪೇಜ್ ಅತ್ತೆ. ಟ್ಯಾಬ್ ಇದರ ವೈಫೈಗೆ ಸೇರಿದ್ರೆ ಸಾಕು."

ಪೇಜ್ ತೆರೆಯಿತು. ಅಕ್ಕ 'ಮೊಬೈಲ್ ನೆಟ್‌ವರ್ಕ್' ಒತ್ತಿದಳು. ಎಪಿಎನ್ ಎಂಬ ಖಾನೆ ನೋಡಿ ಕಣ್ಣು ಕಿರಿದಾಗಿಸಿದಳು.

"ಮಾವ, ಇದ್ಯಾರ ಹೆಸರು?"

"ನಮ್ಮಪ್ಪನದು. ಆ ಹುಡುಗಿನೇ ಹೇಳಿದ್ಲಲ್ಲ, ಅಪ್ಪನ್ ಹೆಸರು ಹಾಕಿ ಅಂತ. ಇನಿಷಿಯಲ್ ಇಲ್ದೆ ತಗೊಳ್ತಿಲ್ವೇನೋ ಅಂತ ಆಮೇಲೆ ಅದನ್ನೂ ಸೇರಿಸಿದೆ."

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ಮಾವ! ಅವಳು ಅಪ್ಪನ್ ಹೆಸರು ಅಂದಿಲ್ಲ, ಎ-ಪಿ-ಎನ್ ಹೆಸರು ಅಂದಿದ್ದು!"

ಒಂದು ಕೈಯಲ್ಲಿ ಇಸ್ತ್ರಿ ಪೆಟ್ಟಿಗೆ ಉಜ್ಜುತ್ತ, ಕಿವಿಗೂ ಭುಜಕ್ಕೂ ನಡುವೆ ಫೋನ್ ಸಿಕ್ಕಿಸಿಕೊಂಡು ಕೇಳಿದರೆ ಇನ್ನೇನಾದೀತು! ಅಳುತ್ತಿದ್ದ ಅತ್ತೆಯೂ ನಗತೊಡಗಿದರು. "ಸದ್ಯ, ನಿಮ್ಮಪ್ಪನ ಜಾತಕ ಹಾಕಿಲ್ಲ!"

"ಎಪಿಎನ್ ಅಂದ್ರೆ ಸಿಮ್ ಕಂಪನಿಯ ಬಾಗಿಲಿನ ಹೆಸರು," ಎಂದಳು ಅಕ್ಕ. "ಒಂದೊಂದು ಕಂಪನಿಗೂ ಬೇರೆ. ಎಷ್ಟೋ ಸಲ ತಾನಾಗೇ ಬಂದು ಕೂರುತ್ತೆ, ಬರದಿದ್ರೆ ನಾವೇ ಹಾಕ್ಬೇಕು. ಹೊಸ ಸಿಮ್ ಹಾಕಿ ಯಾವುದೋ ಬಾಗಿಲು ತಟ್ಟಿದ್ರೆ ಯಾರು ತೆಗೀತಾರೆ?"

ಮಾವ ಈ ಸಲ ಇಸ್ತ್ರಿ ಪೆಟ್ಟಿಗೆ ಆರಿಸಿ, ನೆಟ್ಟಗೆ ಕೂತು ಫೋನ್ ಮಾಡಿದರು. "ಅಮ್ಮಾ ತಾಯಿ, ಬಾಯಲ್ಲಿ ಬೇಡ. ಎಪಿಎನ್ ಬರೆದು ಮೆಸೇಜ್ ಕಳಿಸು."

ಮೆಸೇಜ್ ಬಂತು. ಮಾವನೇ ಒಂದೊಂದು ಅಕ್ಷರ ನೋಡಿ ಹೊಡೆದರು. ಚುಕ್ಕಿ ಇದ್ದಲ್ಲಿ ಚುಕ್ಕಿ, ನಡುವೆ ಜಾಗ ಬಿಡದೆ.

"ಕೆಳಗಿನ ಖಾನೆಗಳು?"

"ಕಂಪನಿ ಹೇಳಿದ್ರೆ ತುಂಬಿಸಿ, ಇಲ್ಲಾಂದ್ರೆ ಖಾಲಿ. ಈಗ 'ಸೇವ್' ಒತ್ತಿ. ಒಂದ್ಸಲ ಆಫ್ ಮಾಡಿ ಆನ್ ಮಾಡಿ."

ಕೆಂಪು ದೀಪ. ಮಿಣ ಮಿಣ. ಮತ್ತೆ ಕೆಂಪು. ಆಮೇಲೆ ಹಸಿರು!

"ಬಂತು ಕಣೇ!" ಮಾವ ಕೂಗಿದ್ದು ಇಡೀ ಬೀದಿಗೆ ಕೇಳಿಸಿತು.

ಐದಕ್ಕೆ ಸರಿಯಾಗಿ ಟ್ಯಾಬ್ ಬಡಿದುಕೊಂಡಿತು. ಪರದೆಯಲ್ಲಿ ದಣಿದ, ನಗುವ ಮುಖ. ಎದೆಯ ಮೇಲೆ ಬಟ್ಟೆಯಲ್ಲಿ ಸುತ್ತಿದ ಕೂಸು. ಮಗಳ ಎರಡೂ ಕೈ ಮೇಲೆದ್ದವು: ಅಮ್ಮಾ, ಚೆನ್ನಾಗಿದೀನಿ. ಹಸಿವು ಮಾತ್ರ ತಡೆಯೋಕಾಗ್ತಿಲ್ಲ!

ಅತ್ತೆಯ ಕೈ ಕೂಡಲೇ ಉತ್ತರ ಕೊಟ್ಟಿತು: ಮೊದಲು ಹೊಟ್ಟೆ ತುಂಬ ಉಣ್ಣು! ಮಾವ ತಮ್ಮ ಪೆದ್ದುತನದ ಕಥೆಯನ್ನೆಲ್ಲ ಕೈಯಲ್ಲೇ ಆಡಿ ತೋರಿಸಿದರು. ಮಗಳು ಕುಲುಕುಲು ನಕ್ಕಳು, ಕೂಸು ಎಚ್ಚರಗೊಂಡಿತು. ಅದರ ಕೆನ್ನೆ ಸವರಿ, ಬೆರಳಿನಲ್ಲಿ ಒಂದೊಂದೇ ಅಕ್ಷರ ಮಾಡಿ ತೋರಿಸಿದಳು. ಮಾವ ಓದಿದರು. ತಮ್ಮ ಅಪ್ಪನ ಹೆಸರು!

ಮೋಡೆಮ್ ಬೇಡವೆಂದ ಹೆಸರನ್ನು ಮಗು ಇಟ್ಟುಕೊಂಡಿತ್ತು. ಮಾವ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡರು.

ಓದುವ ಅಕ್ಕಂದಿರೇ, ಅಣ್ಣಂದಿರೇ, ಸಿಮ್ ಬದಲಾಯಿಸಿದ ಮೇಲೆ ನಿಮ್ಮ ಮೋಡೆಮ್ ಕೆಂಪಗೆ ಗುರಾಯಿಸಿದರೆ ಗುಜರಿಗೆ ಹಾಕಬೇಡಿ. ಎಪಿಎನ್ ಯಾವುದೆಂದು ಕಂಪನಿಯನ್ನೇ ಕೇಳಿ, ಬರೆದು ತರಿಸಿಕೊಂಡು ಹಾಕಿ. ಕೆಲಸ ಮುಗಿದ ಮೇಲೆ ಚೀಟಿಯಲ್ಲಿದ್ದ ಪಾಸ್‌ವರ್ಡ್ ಬದಲಾಯಿಸಿ. ಸೆಟ್ಟಿಂಗ್ ನೆಪದಲ್ಲಿ ಯಾರಾದರೂ ಓಟಿಪಿ ಕೇಳಿದರೆ ಕೊಡಲೇಬೇಡಿ.

ಮೋಡೆಮ್‌ಗೆ ಎಪಿಎನ್ ಹಾಕಿ. ಅಪ್ಪನ ಹೆಸರು ಮೊಮ್ಮಕ್ಕಳಿಗಿರಲಿ!